ರೆಡಿ ರೂಟ್ ಬೇಡ, ದಾರಿ ನೀವೇ ಹುಡುಕಿ

ಭಾನುವಾರ ಜನರನ್ನು ಹಳ್ಳಿ ಕಡೆ ನಡಿಗೆಗೆ ಕರೆದುಕೊಂಡು ಹೋಗಬೇಕು, ದಾರಿ ಹುಡುಕುವಷ್ಟು ಪುರುಸೊತ್ತಿಲ್ಲ, ರೆಡಿ ರೂಟ್ ಕೊಡುವ ಆ್ಯಪ್ ಯಾವುದು ಅಂತ ಕೇಳಿದ್ದೀರಿ. ನಾನೂ ಹೀಗೇ ಫೋನು ನಂಬಿಕೊಂಡು ಶುರು ಮಾಡಿದವನು. ಯಾವ ಆ್ಯಪೂ ಬೇಡ. ದಾರಿ ಹುಡುಕುವುದರಲ್ಲೇ ಅರ್ಧ ಸುಖ ಇದೆ, ಅದನ್ನೇ ಬಿಟ್ಟುಕೊಟ್ಟರೆ ಹೇಗೆ?

ನಾನು ನಡೆಸುವುದು ಮಾಗಡಿ ಸುತ್ತಮುತ್ತ. ಒಂದು ಬೇಸಿಗೆಯಲ್ಲಿ ಒಂದೂರಿನ ಕೆರೆ ಏರಿಯಿಂದ ಪಕ್ಕದೂರಿನ ಅರಳಿಕಟ್ಟೆವರೆಗೆ ಚಂದದ ದಾರಿ ಸಿಕ್ಕಿತು. ದೂರದಲ್ಲಿ ಸಾವನದುರ್ಗದ ಬಂಡೆ. ಕೆರೆ ಒಣಗಿತ್ತು, ಅಂಗಳದಲ್ಲೇ ಹಾಯ್ದೆ. ಆಚೆ ಖಾಲಿ ಹೊಲ, ನಡುವೆ ಸವೆದ ಕಾಲುದಾರಿ. ಫೋನಿನಲ್ಲಿ ಗುರುತು ಮಾಡಿಕೊಂಡು ಬಂದೆ. ಕಾರ್ತಿಕದಲ್ಲಿ ಗುಂಪು ಕರೆದುಕೊಂಡು ಹೋದರೆ ಕೆರೆ ತುಂಬಿದೆ. ಸುತ್ತು ಹಾಕಿ ಹೊಲದ ಹತ್ತಿರ ಬಂದೆವು, ಕಾಲುದಾರಿಯ ಸುಳಿವೇ ಇಲ್ಲ. ರಾಗಿ ತೆನೆ ಕಟ್ಟಿ ನಿಂತಿದೆ, ನಡುನಡುವೆ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ಜೊತೆ ಬಿತ್ತುವ ಬೇರೆ ಬೆಳೆಯ ಸಾಲಿನಲ್ಲಿ, ಅವರೆ, ಹುಚ್ಚೆಳ್ಳು. ಫೋನು ಮಾತ್ರ ಇಲ್ಲೇ ಹೋಗು ಅನ್ನುತ್ತಿತ್ತು. ಗುಂಪನ್ನು ಹೊಲಕ್ಕೆ ಇಳಿಸಿಬಿಟ್ಟೆ. ಒಬ್ಬರ ಹಿಂದೆ ಒಬ್ಬರು ಹುಷಾರಾಗಿಯೇ ನಡೆದರು, ಆದರೂ ಅಷ್ಟು ಜನರ ಕಾಲಿಗೆ ರಾಗಿ ಮಲಗಿತು. ಹೊಲದ ಅಮ್ಮ ಓಡಿ ಬಂದರು. "ಬೆಳೆ ನಿಂತಿರೋದು ಕಾಣಾಕಿಲ್ವಾ ಸ್ವಾಮಿ?" ದುಡ್ಡು ಕೊಡಲು ಹೋದೆ, ಮುಟ್ಟಲಿಲ್ಲ. ಆ ಊರಿಗೆ ಆಮೇಲೆ ನಾನು ಗುಂಪು ಕರೆದುಕೊಂಡು ಹೋಗಿಲ್ಲ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಬೇಸಿಗೆಯಲ್ಲಿ ಹೊಲದ ನಡುವೆ ಕಾಣುವುದು ದಾರಿಯಲ್ಲ. ಕುಯ್ಲು ಮುಗಿದ ಮೇಲೆ ದನ, ಜನ ಎಲ್ಲ ಅಡ್ಡ ಹಾಯ್ದು ಸವೆದ ಗೆರೆ ಅದು. ಮಳೆ ಬಿದ್ದು ಹೊಲ ಉತ್ತರೆ ಅಳಿಸಿಹೋಯಿತು. ನಿಜವಾದ ಬಂಡಿದಾರಿ ಆ ಹೊಲದ ಪಕ್ಕದಲ್ಲೇ, ಹೊಂಗೆ ಮರಗಳ ಕೆಳಗೆ ಇತ್ತು. ಕಂದಾಯದ ಗ್ರಾಮ ನಕಾಶೆ ತೆಗೆದು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅದರಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ ಎಲ್ಲ ಗುರುತು ಮಾಡಿರುತ್ತಾರೆ. ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಜಾಗ ಬಿ ಖರಾಬು, ಅಂದರೆ ಸಾಗುವಳಿಗೆ ಬಿಡದೆ ಎಲ್ಲರ ಬಳಕೆಗೆ ಇಟ್ಟ ಜಾಗದ ಲೆಕ್ಕಕ್ಕೆ ಬರುತ್ತದೆ. ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಅಂತ ಸರ್ಕಾರದ ದಿಶಾಂಕ್ ಆ್ಯಪ್ ತೋರಿಸುತ್ತದೆ. ನೀವು ಕೇಳಿದ ಥರದ ಆ್ಯಪ್ ಅದಲ್ಲ, ಆದರೆ ಅದೊಂದು ಇರಲಿ. ಗುಂಪು ಕರೆದೊಯ್ಯುವ ತಿಂಗಳಲ್ಲೇ ಒಮ್ಮೆ ಪೂರ್ತಿ ನಡೆದು ನೋಡಿ. ಬೇಸಿಗೆಯ ನೆನಪು ಲೆಕ್ಕಕ್ಕಿಲ್ಲ.

ನಕಾಶೆಯಲ್ಲಿ ಇಲ್ಲದ್ದು ಹಾಲಿನ ಡೈರಿ ಮುಂದೆ ಸಿಗುತ್ತದೆ. ಬೆಳಿಗ್ಗೆ ಹಾಲು ಹಾಕಲು ಊರಿನವರು ಕ್ಯಾನು ಹಿಡಿದು ನಿಂತಿರುತ್ತಾರೆ. ದಾರಿ ಕೇಳಿ ಸುಮ್ನೆ ನಿಲ್ಲಿ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಅದಲ್ಲ ಅನ್ನುತ್ತಾರೆ, ಅಷ್ಟರಲ್ಲಿ ವೀರಗಲ್ಲು ಎಲ್ಲಿದೆ, ಕೋಡಿ ಹರಿದರೆ ಯಾವ ಕಡೆ ದಾಟಬೇಕು, ಎಲ್ಲ ಹೊರಗೆ ಬರುತ್ತದೆ. ಕೆರೆ ನೀರು ಬಿಡುವ ಕೆಲಸ ಮಾಡುತ್ತಿದ್ದ ಹಳೇ ನೀರುಗಂಟಿ ಸಿಕ್ಕರಂತೂ ತೂಬಿನವರೆಗೆ ತಾವೇ ನಡೆದು ಬರುತ್ತಾರೆ. ಮುಂದೆ ಹೋಗಿ ತಿರುವಿನಲ್ಲಿ ಗೊತ್ತಿರುವ ದಾರಿಗೇ ಬಂದು ಸೇರಿದಾಗ ಆಗುವ ಖುಷಿ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಗುಂಪು ನಡೆಸುವ ಖುಷಿ ಬೇರೆ ಥರ. ಮಾಗಡಿ ಕಡೆ ಚಳಿಗಾಲ ಅಂದರೆ ಅವರೆ. ಪರಿಚಯವಾದ ರೈತರು ಒಂದು ಕಾಯಿ ಕಿತ್ತು ಕೊಡುತ್ತಾರೆ. ನಗರದಲ್ಲೇ ಬೆಳೆದವರು ಅದರ ಅಂಟನ್ನು ಬೆರಳಿಗೆ ಹಚ್ಚಿಕೊಂಡು, ಸೊಗಡು ಮೂಸುತ್ತಾ ನಡೆಯುತ್ತಾರೆ. ಮಾತು ತಾನಾಗಿ ಕಮ್ಮಿಯಾಗುತ್ತದೆ. ಆಗ ನಾನೂ ಏನೂ ವಿವರಿಸಲು ಹೋಗುವುದಿಲ್ಲ.

ಪುರುಸೊತ್ತೇ ಇಲ್ಲ ಅಂದರೆ ಈ ವರ್ಷ ಬೇರೆಯವರ ಗುಂಪಿನಲ್ಲಿ ನಡೆಯಿರಿ, ಅದರಲ್ಲಿ ತಪ್ಪೇನಿಲ್ಲ. ನಾನೇ ನಡೆಸಬೇಕು ಅನ್ನುವುದಾದರೆ ಮೊದಲ ವರ್ಷಕ್ಕೆ ಒಂದೇ ದಾರಿ ಸಾಕು. ಮುಂದಿನ ಭಾನುವಾರ ಮಾಗಡಿ ಕಡೆಯ ಮೊದಲ ಬಸ್ಸು ಹತ್ತಿ, ಒಬ್ಬರೇ.