ಚೀಟಿ ಇಲ್ಲದ ಹುಳ

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಜನವರಿಯಲ್ಲಿ ಕಣಕುಂಬಿ ಹತ್ತಿರ ಮಲಪ್ರಭೆಗೆ ಸೇರುವ ಒಂದು ಹಳ್ಳದಲ್ಲಿ ಕಲ್ಲು ಎತ್ತಿದಾಗ ಚಪ್ಪಟೆ ಮೈಯ, ಎರಡು ಬಾಲದ ಹುಳ ಸಿಕ್ಕಿತು. ಮೇಫ್ಲೈ (ಮರಿಯಾಗಿ ನೀರಿನಲ್ಲಿ ಬೆಳೆದು ಆಮೇಲೆ ರೆಕ್ಕೆ ಬಂದು ಹಾರುವ ಕೀಟ) ಮರಿ ಅಂದರು ನಮ್ಮ ಸರ್. ಆದರೆ ಮೇಫ್ಲೈಗೆ ಮೂರು ಬಾಲ ಎಂದು ಪುಸ್ತಕದಲ್ಲಿದೆ. ಮೊಬೈಲಿನಲ್ಲಿ ಹುಡುಕಿದ ಯಾವ ಚಿತ್ರಕ್ಕೂ ಇದು ಹೊಂದುತ್ತಿಲ್ಲ. ಇದು ಹೊಸ ಪ್ರಭೇದ ಇರಬಹುದೇ? ಇದ್ದರೆ ನಮ್ಮ ಅಜ್ಜಿ ಗಂಗವ್ವನ ಹೆಸರು ಇಡಬಹುದೇ?
(ವಿದ್ಯಾರ್ಥಿನಿ, ಖಾನಾಪುರ)

ಉತ್ತರ: ಅಜ್ಜಿ ಹೆಸರಿನ ವಿಚಾರಕ್ಕೆ ಆಮೇಲೆ ಬರುತ್ತೇನೆ, ಅದು ಸುಲಭ. ಮೊದಲು ನೀನು ನನಗೆ ಹೇಳಬೇಕು: ಆ ಹುಳ ಈಗ ಎಲ್ಲಿದೆ? ಬಾಟಲಿಯಲ್ಲಿದ್ದರೆ ಒಳಗೆ ಚೀಟಿ ಇದೆಯೇ?

ಯಾಕೆ ಕೇಳುತ್ತೇನೆ ಅಂದರೆ, ಮೇಷ್ಟರಾದ ಮೊದಲ ವರ್ಷ ನಾನೂ ಹೀಗೇ ಹಳ್ಳ ಹಳ್ಳ ಅಲೆದವನು. ಚಳಿಗಾಲದ ಎರಡು ತಿಂಗಳಲ್ಲಿ ನಲವತ್ತು ಚಿಕ್ಕ ಬಾಟಲಿ ತುಂಬಿಸಿದೆ. ಕುಂದಾದ ಖಾಲಿ ಡಬ್ಬಿಗಳಲ್ಲಿ ಅವನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದರೊಳಗೂ ಬಾಲ್‌ಪೆನ್ನಿನಲ್ಲಿ ಚಂದದ ಅಕ್ಷರದಲ್ಲಿ ಊರು, ತಾರೀಖು ಬರೆದ ಚೀಟಿ ಹಾಕಿದೆ. ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ಹುಳ ಕೆಡದಿರಲು ಹಾಕಿದ್ದ ಸ್ಪಿರಿಟ್ಟು ತಿಳಿನೀಲಿ, ಚೀಟಿ ಬೆಳ್ಳಗೆ. ಹುಳಗಳೆಲ್ಲ ಇದ್ದವು, ಕಾಲು ಬಾಲ ಸಮೇತ. ಯಾವುದು ಗೋಕಾಕದ ಕೆಳಗಿನ ಘಟಪ್ರಭೆಯದು, ಯಾವುದು ಮಾರ್ಕಂಡೇಯದ್ದು ಅಂತ ಹೇಳುವವರು ಯಾರೂ ಇರಲಿಲ್ಲ. ನಲವತ್ತು ಬಾಟಲಿಯನ್ನೂ ಚೆಲ್ಲಿದೆ. ಅವುಗಳಲ್ಲಿ ಒಂದರ ಗಂಡಿಗೆ ತಲೆ ಮೇಲೆ ಎರಡು ಪುಟ್ಟ ಪಗಡಿ ಇಟ್ಟಂಥ ಕಣ್ಣಿದ್ದವು, ಇಂದಿಗೂ ನೆನಪಿದೆ. ಬಾಲ್‌ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಪೆನ್ಸಿಲ್ ಕರಗುವುದಿಲ್ಲ. ದಪ್ಪ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಬರೆದು ಬಾಟಲಿಯ ಒಳಗೆ ಹಾಕು. ಹಳ್ಳದ ಹೆಸರು, ಹತ್ತಿರದ ಊರು, ತಾರೀಖು, ಹಿಡಿದವರ ಹೆಸರು ಇರಲಿ. ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶವನ್ನೂ ಸೇರಿಸು. ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ ಹುಳ ವಿಜ್ಞಾನದ ಲೆಕ್ಕದಲ್ಲಿ ಅರ್ಧ ಹುಳ.

ಈಗ ಬಾಲಕ್ಕೆ ಬರೋಣ. ನಿಮ್ಮ ಪುಸ್ತಕ ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ ಅಷ್ಟೆ. ಮೇಫ್ಲೈ ಮರಿಗಳಿಗೆ ಸಾಮಾನ್ಯವಾಗಿ ಮೂರು ಬಾಲ. ಎಪಿಯೋರಸ್ ಎಂಬ ಕುಲದ ಮರಿಗಳಿಗೆ ಎರಡೇ. ರಭಸದ ನೀರಲ್ಲಿ ಕಲ್ಲಿಗೆ ಅಂಟಿಕೊಂಡು ಬದುಕುವ ಚಪ್ಪಟೆ ಮರಿಗಳು ಅವು. ನೀನು ಹೇಳಿದ ಲಕ್ಷಣಕ್ಕೆ ಹತ್ತಿರ ಇದೆ, ಆದರೆ ಕಾಗದ ಓದಿ ನಾನು ಹೆಸರು ಹೇಳಲಾರೆ. ಇನ್ನೊಂದು ಸಾಧ್ಯತೆ, ನಡುವಿನ ಬಾಲ ಹಿಡಿಯುವಾಗ ಮುರಿದಿರಬಹುದು. ಇಲ್ಲವೇ ಅದು ಮೇಫ್ಲೈ ಅಲ್ಲದೆ ಸ್ಟೋನ್‌ಫ್ಲೈ ಎಂಬ ಇನ್ನೊಂದು ಕೀಟದ ಮರಿ ಇರಬಹುದು, ಅವಕ್ಕೂ ಎರಡು ಬಾಲ. ನಿಮ್ಮ ಸರ್ ಮೇಲೆ ನನಗೇನೂ ಸಂಶಯವಿಲ್ಲ. ಆದರೂ ನೀನೇ ಒಮ್ಮೆ ಭೂತಗನ್ನಡಿ ಹಿಡಿದು ಕಾಲಿನ ತುದಿ ನೋಡು. ಒಂದೇ ಉಗುರಿದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ. ಹೊಟ್ಟೆಯ ಎರಡೂ ಬದಿಗೆ ಎಲೆ ಜೋಡಿಸಿದಂತೆ ಕಿವಿರು ಸಾಲಿದ್ದರೆ ಅದೂ ಮೇಫ್ಲೈ ಲಕ್ಷಣವೇ.

ಮೊಬೈಲಿನ ಚಿತ್ರಕ್ಕೆ ಹೊಂದದಿದ್ದ ಮಾತ್ರಕ್ಕೆ ಹೊಸದು ಅನ್ನಲಾಗದು. ಜಗತ್ತಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮೇಫ್ಲೈ ಪ್ರಭೇದಗಳಿಗೆ ಹೆಸರಿದೆ. ಅವುಗಳಲ್ಲಿ ಬಹಳಷ್ಟರ ಫೋಟೋ ಎಲ್ಲೂ ಇಲ್ಲ, ಗೆರೆಚಿತ್ರ ಮಾತ್ರ ಇರುತ್ತದೆ, ಅದೂ ದವಡೆಯದೋ ಕಿವಿರಿನದೋ. ಹೊಸದು ಅನ್ನುವವನು ಆ ಕುಲದಲ್ಲಿ ಈವರೆಗೆ ಹೆಸರಿಟ್ಟದ್ದನ್ನೆಲ್ಲ, ಇಲ್ಲಿಯದು ಶ್ರೀಲಂಕಾದ್ದು ಎನ್ನದೆ, ಪಕ್ಕದಲ್ಲಿಟ್ಟು ನೋಡಬೇಕು. ದಕ್ಷಿಣ ಭಾರತದ ಮೇಫ್ಲೈಗಳಿಗಾಗಿ ಕೆ.ಜಿ. ಶಿವರಾಮಕೃಷ್ಣನ್ ದಶಕಗಟ್ಟಲೆ ದುಡಿದಿದ್ದಾರೆ. ಅವರ ಲೇಖನಗಳನ್ನು ಓದದೆ ಪಶ್ಚಿಮ ಘಟ್ಟದ ಹುಳವನ್ನು ಹೊಸದು ಎನ್ನುವ ಧೈರ್ಯ ನನಗಂತೂ ಇಲ್ಲ. ಮರಿಯ ಬಾಯಿಯ ಒಂದೊಂದು ಭಾಗವನ್ನೂ ಸೂಜಿಯಿಂದ ಬಿಡಿಸಿ ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಡಿ ರೋಮ ಎಣಿಸುವ ಕೆಲಸ ಇದು. ಉಗುರಿನ ಒಳಬದಿಗೆ ಎಷ್ಟು ಹಲ್ಲು, ತೊಡೆಯ ಅಂಚಿನ ಮುಳ್ಳು ಮೊಂಡೋ ಚೂಪೋ, ಏಳು ಜೋಡಿ ಕಿವಿರಿನಲ್ಲಿ ಮೊದಲನೆಯದು ಹೇಗಿದೆ, ಇಂಥವುಗಳ ಮೇಲೆಯೇ ತೀರ್ಮಾನ. ಜೊತೆಗೆ ಈಗ ಕಾಲಿನ ಒಂದು ಚೂರಿನಿಂದ ಡಿಎನ್‌ಎ ತೆಗೆದು, ಸಿಒಐ ಎಂಬ ಜೀನಿನ 658 ಅಕ್ಷರಗಳನ್ನು ಓದಿ ಹೋಲಿಸುತ್ತಾರೆ. ಅದಕ್ಕೆ ಶೇ. 95ರ ಎಥನಾಲ್ (ಆಲ್ಕೋಹಾಲ್) ಬೇಕು. ಫಾರ್ಮಲಿನ್ನಲ್ಲಿ ಇಟ್ಟೆಯೋ, ಡಿಎನ್‌ಎ ಆಸೆ ಬಿಡು.

ಇಷ್ಟಾದರೂ ಮರಿ ಒಂದೇ ಸಾಕಾಗದು. ಗಂಡು ಹುಳ ಬೇಕು, ಅದರ ಹೊಟ್ಟೆಯ ತುದಿಯ ಅಂಗಗಳಲ್ಲಿ ಪ್ರಭೇದದ ಗುರುತು ಸ್ಪಷ್ಟ. ಆದರೆ ದೀಪಕ್ಕೆ ಬಂದ ಗಂಡು ಇದೇ ಮರಿಯದು ಅಂತ ಹೇಗೆ ಹೇಳುತ್ತೀ? ಹಿಂದೆ ಮರಿಗೆ ಒಂದು ಹೆಸರು, ಅದರದೇ ಹಾರುವ ಹುಳಕ್ಕೆ ಇನ್ನೊಂದು ಹೆಸರು ಬಿದ್ದದ್ದೂ ಉಂಟು. ಒಂದು ದಾರಿ ಇದೆ, ತಾಳ್ಮೆ ಇದ್ದರೆ ಮನೆಯ ಬಕೆಟ್ಟಿನಲ್ಲೇ ಆಗುತ್ತದೆ. ಬೆನ್ನಿನ ಮೇಲಿನ ರೆಕ್ಕೆಚೀಲ ಕಪ್ಪಾಗಿರುವ ಮರಿಯನ್ನೇ ಆರಿಸು. ಕಪ್ಪಾದರೆ ಹಾರುವ ದಿನ ಹತ್ತಿರ ಬಂತು ಅಂತ. ಹಳ್ಳದ ನೀರು, ಅದೇ ಹಳ್ಳದ ಒಂದು ಕಲ್ಲು, ಅಕ್ವೇರಿಯಮ್ಮಿನ ಗಾಳಿಪಂಪು, ಮೇಲೆ ಸೊಳ್ಳೆಪರದೆ. ನಾನು ಎರಡನೇ ಸಲ ಹೀಗೆ ಮಾಡಿದಾಗ ಬೆಳಗಿನ ಜಾವ ಐದರ ಸುಮಾರಿಗೆ ಮರಿ ಕಲ್ಲೇರಿತು. ಬೆನ್ನು ಸೀಳಿ, ಬೂದು ಬಣ್ಣದ ಮಬ್ಬು ರೆಕ್ಕೆಯ ಹುಳ ಹೊರಬಂದು ಪರದೆಗೆ ಅಂಟಿತು. ಆಗಲೇ ಹಿಡಿದು ಸ್ಪಿರಿಟ್ಟಿಗೆ ಹಾಕಿದರೆ ಕೆಲಸ ಕೆಟ್ಟಿತು. ರೆಕ್ಕೆ ಬಂದು ಹಾರಿದ ಮೇಲೆ ಮತ್ತೊಮ್ಮೆ ಪೊರೆ ಬಿಡುವ ಕೀಟ ಇಂದು ಮೇಫ್ಲೈ ಒಂದೇ. ಕಾಯ್ದೆ. ಸಂಜೆಯ ಹೊತ್ತಿಗೆ ರೆಕ್ಕೆಯ ಮೇಲಿನ ಪೊರೆಯೂ ಕಳಚಿ, ಗಾಜಿನಂಥ ರೆಕ್ಕೆ ಕಂಡವು. ಆಮೇಲೆ ಆ ಹುಳ, ಕಲ್ಲಿನ ಮೇಲೆ ಬಿಟ್ಟುಹೋದ ಮರಿಯ ಪೊರೆ, ಪೆನ್ಸಿಲ್ ಚೀಟಿ, ಮೂರನ್ನೂ ಒಂದೇ ಬಾಟಲಿಗೆ ಹಾಕಿದೆ. ಈ ಮರಿಯೇ ಈ ಹುಳ ಎಂಬುದಕ್ಕೆ ಆ ಪೊರೆಗಿಂತ ಬೇರೆ ಸಾಕ್ಷಿ ಬೇಡ. (ಅದು ಹೊಸ ಪ್ರಭೇದ ಆಗಿತ್ತೇ ಅಂತ ಕೇಳಬೇಡ. ಹಳೆಯದೇ. ಆದರೂ ಆ ಬಾಟಲಿ ಇನ್ನೂ ಇಟ್ಟಿದ್ದೇನೆ.)

ಹೊಸದೇ ಅಂತ ಖಾತ್ರಿಯಾದರೆ ಒಂದು ಹುಳವನ್ನು ಆ ಹೆಸರಿನ ಒಡೆಯ ಎಂದು ಗೊತ್ತುಮಾಡಬೇಕು, ಅದಕ್ಕೆ ಹೋಲೋಟೈಪ್ ಅನ್ನುತ್ತಾರೆ. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊಸ ಜೀವಿ ಸಿಕ್ಕರೆ ಅದರ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ಒಪ್ಪಿಸಬೇಕು, ಪ್ರಾಣಿಯಾದರೆ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಗೆ. ಇನ್ನೊಂದು ಮಾತು, ನಿನ್ನ ಹಳ್ಳ ಭೀಮಗಡ ಅಭಯಾರಣ್ಯದ ಒಳಗೆ ಬಂದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಹುಳವನ್ನೂ ಎತ್ತಬೇಡ.

ಈಗ ಗಂಗವ್ವ. ಧಾರಾಳವಾಗಿ ಇಡಬಹುದು. ಭೀಮಗಡದ ಬಾರಾಪೆಡೆ ಗುಹೆಯ ಬಾವಲಿಗೆ 1913ರಲ್ಲಿ ಹೆಸರಿಟ್ಟ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್, ರಾಟನ್ ಎಂಬ ಅರಣ್ಯ ಅಧಿಕಾರಿಯ ಹೆಸರನ್ನೇ ಇಟ್ಟ. ಸಾಹೇಬನ ಹೆಸರು ನಮ್ಮ ಬಾವಲಿಗೆ ಬರುವುದಾದರೆ ಖಾನಾಪುರದ ಅಜ್ಜಿಯ ಹೆಸರು ಹುಳಕ್ಕೆ ಯಾಕೆ ಬೇಡ? ನಿನ್ನದೇ ಹೆಸರು ಇಟ್ಟುಕೊಳ್ಳಬೇಡ, ನಿಯಮ ತಡೆಯದಿದ್ದರೂ ಬಲ್ಲವರು ನಗುತ್ತಾರೆ. ಹೆಣ್ಣಿನ ಹೆಸರಿಗೆ ಲ್ಯಾಟಿನ್ ರೀತಿಯಲ್ಲಿ ಕೊನೆಗೆ ಒಂದು ಪ್ರತ್ಯಯ ಸೇರುತ್ತದೆ, ಓದುವಾಗ ಹೆಚ್ಚುಕಡಿಮೆ ‘ಗಂಗವ್ವೇ’ ಎಂದಾಗುತ್ತದೆ. ಓಣಿಯಲ್ಲಿ ಯಾರೋ ಅಜ್ಜಿಯನ್ನು ಕೂಗಿದ ಹಾಗೆ.

ಪ್ರಶ್ನೆ: ಕೃಷ್ಣೆಯ ಸೇತುವೆ ಮೇಲೆ ದೀಪದ ಕಂಬಗಳ ಕೆಳಗೆ ಕೆಲವು ರಾತ್ರಿ ಬಿಳಿ ಹುಳಗಳ ರಾಶಿ ಬೀಳುತ್ತದೆ, ಬೈಕು ಜಾರುತ್ತದೆ. ಮಳೆಗಾಲದ ಈಸಲು ಇವೇನೇ?
(ಓದುಗರು, ಬಾಗಲಕೋಟೆ)

ಉತ್ತರ: ಈಸಲು ಅಂದರೆ ಗೆದ್ದಲಿನ ರೆಕ್ಕೆಯ ರೂಪ. ಮುಂಗಾರಿನ ಮೊದಲ ಮಳೆಗಳ ಬೆನ್ನಿಗೆ ನೆಲದಿಂದ ಏಳುತ್ತವೆ, ನಾಲ್ಕೂ ರೆಕ್ಕೆ ಒಂದೇ ಅಳತೆ, ಬೆಳಗಾದರೆ ರೆಕ್ಕೆ ಬೇರೆ ಮೈ ಬೇರೆ. ನಿಮ್ಮವಕ್ಕೆ ಹಿಂದೆ ದಾರದಂಥ ಬಾಲವಿದ್ದು, ಕೂತಾಗ ರೆಕ್ಕೆ ಚಿಟ್ಟೆಯಂತೆ ಮೇಲಕ್ಕೆ ನಿಂತಿದ್ದರೆ ಅವು ಮೇಫ್ಲೈ. ದೀಪ ಅವನ್ನು ಸೆಳೆಯುತ್ತದೆ. ಅದರ ಜೊತೆಗೆ ಡಾಂಬರು ರಸ್ತೆಯೂ ಮೋಸ ಮಾಡುತ್ತದೆ. ನೀರಿನ ಮೈಯಿಂದ ಬೆಳಕು ಹೇಗೆ ಧ್ರುವೀಕರಣವಾಗಿ (ಅಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುವಂತಾಗಿ) ಪ್ರತಿಫಲಿಸುತ್ತದೋ ಕಪ್ಪು ಡಾಂಬರಿನಿಂದಲೂ ಹಾಗೇ ಪ್ರತಿಫಲಿಸುತ್ತದೆ. ಹೆಣ್ಣುಗಳು ರಸ್ತೆಯನ್ನೇ ನದಿಯೆಂದು ತಿಳಿದು ಮೊಟ್ಟೆ ಇಡುವುದನ್ನು 1998ರಲ್ಲಿ ಹಂಗೇರಿಯ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದರು. ಬಾಗಲಕೋಟೆಯಿಂದ ಯಾರಾದರೂ ಹತ್ತು ಹುಳ ಸ್ಪಿರಿಟ್ಟಿನಲ್ಲಿ ಕಳಿಸಿದರೆ ನೋಡಿ ಹೇಳುವೆ. ಚೀಟಿ ಪೆನ್ಸಿಲ್ಲಿನಲ್ಲಿ ಬರೆಯಿರಿ.

ಪ್ರಶ್ನೆ: ಈ ಹುಳ ಕಬ್ಬಿಗೆ ಕಾಟ ಕೊಡುತ್ತದೆಯೇ? ಔಷಧ ಹೊಡೆಯಬೇಕೇ?
(ರೈತರು, ಅಥಣಿ)

ಉತ್ತರ: ಹೊಡೆಯಬೇಡಿ. ರೆಕ್ಕೆ ಬಂದ ಮೇಫ್ಲೈಗೆ ತಿನ್ನುವ ಬಾಯಿಯೇ ಇಲ್ಲ, ಹೊಟ್ಟೆಯೊಳಗೆ ಬರೀ ಗಾಳಿ.