ಒಂದೂವರೆ ಲಕ್ಷದಲ್ಲಿ ಹಳೇ ಸ್ಕಾರ್ಪಿಯೊ ಫೋರ್ ಬೈ ಫೋರನ್ನು ಆಫ್‌ರೋಡಿಗೆ ಸಜ್ಜು ಮಾಡುವುದು ಹೇಗೆ?

ಉಡುಪಿಯಲ್ಲಿ 2013ರ ಸ್ಕಾರ್ಪಿಯೊ ಫೋರ್ ಬೈ ಫೋರ್ ಸೆಕೆಂಡ್ ಹ್ಯಾಂಡ್ ತೆಗೊಂಡಿದ್ದೀರಿ, ಕೈಯಲ್ಲಿ ಒಂದೂವರೆ ಲಕ್ಷ ಉಂಟು. ಸ್ಟೀಲ್ ಬಂಪರ್, ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಇಂಜಿನ್ನಿಗೆ ಮೇಲಿಂದ ಗಾಳಿ ಎಳೆಯುವ ಕೊಳವೆಯಾದ ಸ್ನಾರ್ಕೆಲ್ ಇವುಗಳಲ್ಲಿ ಮೊದಲು ಯಾವುದು ಅಂತ ಕೇಳಿದ್ದೀರಿ. ಮೂರೂ ಬೇಡ. ಮೊದಲು ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚ್ ಹಿಡಿದು ಗಾಡಿಯ ಅಡಿಗೆ ಹೋಗಿ.

ನಮ್ಮ ಕರಾವಳಿಯಲ್ಲಿ ಹಳೇ ಗಾಡಿಯನ್ನು ಕೊಲ್ಲುವುದು ಕಲ್ಲುಬಂಡೆಗಳಲ್ಲ, ತುಕ್ಕು. ಕಡಲ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಚಾಸಿಸ್ ಒಳಗೆ ಸೇರಿ ಒಣಗದೆ ಕೂರುವ ಕೆಂಪು ಮಣ್ಣು, ಮೂರೂ ಸೇರಿದರೆ ಕಬ್ಬಿಣ ಒಳಗಿಂದಲೇ ತಿಂದುಹೋಗುತ್ತದೆ. ಚಾಸಿಸ್‌ನ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಬನ್ನಿ. ಟಣ್ ಅಂದರೆ ಒಳ್ಳೆಯದು, ಡಬ್ ಅಂದರೆ ಅಲ್ಲಿ ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ ನೋಡಿ. ಹಿಂದಿನ ಆಕ್ಸಲ್‌ನ ಮೇಲೆ ಚಾಸಿಸ್ ಬಾಗುವ ಜಾಗ, ಸ್ಪ್ರಿಂಗ್ ಕೂರುವ ತಟ್ಟೆ, ಬಾಡಿ ಮೌಂಟ್‌ಗಳು, ಬ್ರೇಕಿನ ಕಬ್ಬಿಣದ ಪೈಪುಗಳು: ಈ ನಾಲ್ಕನ್ನು ಬಿಡಬೇಡಿ. ಅಡಿಭಾಗ ಹೊಸ ಕಪ್ಪು ಕೋಟಿಂಗಿನಿಂದ ಫಳಫಳ ಹೊಳೆಯುತ್ತಿದ್ದರೆ ಇನ್ನೂ ಜಾಸ್ತಿ ಅನುಮಾನಪಡಿ. ಮಾರುವ ಮೊದಲು ತುಕ್ಕಿನ ಮೇಲೇ ಟಾರ್ ಬಳಿಯುವುದು ಹಳೇ ಉಪಾಯ. ಆ ಪದರದ ಅಡಿಯಲ್ಲಿ ನೀರಿನ ಪಸೆ ಸಿಕ್ಕಿಬಿದ್ದು ತುಕ್ಕು ಇನ್ನೂ ವೇಗವಾಗಿ ಹಬ್ಬುತ್ತದೆ. ಚಾಸಿಸ್‌ನಲ್ಲಿ ತುಕ್ಕು ತಿಂದ ತೂತು ಕಂಡರೆ ಅಪ್‌ಗ್ರೇಡಿನ ಮಾತು ಅಲ್ಲಿಗೇ ನಿಲ್ಲಿಸಿ, ದುಡ್ಡೆಲ್ಲ ಅದಕ್ಕೇ ಬೇಕಾಗುತ್ತದೆ.

ಮೇಲುಮೇಲಿನ ತುಕ್ಕಾದರೆ ರಿಪೇರಿ ಸುಲಭ, ಆದರೆ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಚಾಸಿಸ್‌ನಲ್ಲಿ ಕಂಪನಿಯೇ ಕೊಟ್ಟ ತೂತುಗಳಿಂದ ಒಳಗೆ ನೀರು ಬಿಟ್ಟು ಮಣ್ಣು ಪೂರ್ತಿ ಹೊರಡಿಸಿ, ಎರಡು ದಿನ ಬಿಸಿಲಲ್ಲಿ ನಿಲ್ಲಿಸಿ. ವೈರ್ ಬ್ರಷ್, ರಸ್ಟ್ ಕನ್ವರ್ಟರ್, ಎಪಾಕ್ಸಿ ಪ್ರೈಮರ್, ಆಮೇಲೆ ಪೇಂಟ್, ಇದೇ ಕ್ರಮ. ಪೇಂಟ್ ತಲುಪದ ಒಳಭಾಗಕ್ಕೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್, ಸ್ಪ್ರೇ ಮಾಡಿಸಿ. ನೀರು ಇಳಿದುಹೋಗುವ ತೂತುಗಳನ್ನು ಮಾತ್ರ ಮುಚ್ಚಬೇಡಿ. ಹತ್ತು-ಹನ್ನೆರಡು ಸಾವಿರ ಇದಕ್ಕೆ ತೆಗೆದಿಡಿ.

ಮುಂದಿನದು, ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ. ಹಿಂದಿನ ಮಾಲೀಕರು ವರ್ಷಗಟ್ಟಲೆ ಆ ನಾಬ್ ಮುಟ್ಟದೆ ಇದ್ದರೆ ಒಳಗಿನ ಭಾಗಗಳು ಹಿಡಿದುಕೊಂಡಿರುತ್ತವೆ, ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಮಾತ್ರ ಚಂದ ಉರಿಯುತ್ತದೆ. ಲೈಟನ್ನು ನಂಬಬೇಡಿ. ಹುಲ್ಲು ಅಥವಾ ಮಣ್ಣಿನ ಸಮತಟ್ಟು ಜಾಗದಲ್ಲಿ ನಾಬನ್ನು ಫೋರ್ ಹೈಗೆ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗ) ಹಾಕಿ ಹತ್ತು ಮೀಟರ್ ಮುಂದೆ ಹೋಗಿ ನಿಲ್ಲಿಸಿ. ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಟ್ಟು ಮುಂದಿನ ಒಂದೇ ಚಕ್ರವನ್ನು ಜಾಕ್ ಮೇಲೆ ಎತ್ತಿ, ಕೈಯಿಂದ ತಿರುಗಿಸಿ. ಸ್ವಲ್ಪ ಆಡಿ ಗಟ್ಟಿಯಾಗಿ ನಿಂತರೆ ಫೋರ್ ವೀಲ್ ಸರಿ ಉಂಟು. ಸಲೀಸಾಗಿ ಸುತ್ತಿದರೆ ಮುಂದಿನ ಆಕ್ಸಲ್ ಸೇರಿಕೊಂಡೇ ಇಲ್ಲ, ಶಿಫ್ಟ್ ಮೋಟಾರಿನಿಂದ ಹಬ್ ತನಕ ಹುಡುಕಬೇಕು. ಸರಿಯಾದ ಮೇಲೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ತೆಗೆಯಿರಿ. ಒಣ ಟಾರು ರಸ್ತೆಯಲ್ಲಿ ಮಾತ್ರ ಬೇಡ, ತಿರುವಿನಲ್ಲಿ ಮುಂದಿನ-ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳುವುದರಿಂದ ಗೇರುಗಳ ಮೇಲೆ ಬಿಗುವು ಏರುತ್ತದೆ.

ಆಕ್ಸಲ್, ಗೇರುಗಳ ಎಣ್ಣೆ ಬದಲಿಸುವಾಗ ಒಂದು ಮಾತು: ಡ್ರೈನ್ ಪ್ಲಗ್‌ಗಿಂತ ಮೊದಲು ಮೇಲಿನ ಫಿಲ್ಲರ್ ಪ್ಲಗ್ ತೆಗೆಸಿ. ಎಣ್ಣೆಯೆಲ್ಲ ಕೆಳಗೆ ಬಿಟ್ಟ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬರದೇ ಹೋದರೆ ಗಾಡಿ ಅಲ್ಲೇ ಬಾಕಿ. ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರಿನ ಗುಂಡು) ಎಣ್ಣೆ ಹಾಲು ಬೆರೆಸಿದ ಚಾದ ಹಾಗೆ ಇದ್ದರೆ ನೀರು ಹೊಕ್ಕಿದೆ ಎಂದರ್ಥ. ಎಲ್ಲದಕ್ಕೂ ತೊಂಬತ್ತರ ಗ್ರೇಡಿನ ದಪ್ಪ ಗೇರ್ ಎಣ್ಣೆಯನ್ನೇ ಸುರಿಯುವ ಗ್ಯಾರೇಜುಗಳು ಇವೆ. ಮುಂದಿನ-ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಸಾಮಾನ್ಯವಾಗಿ ಬೇರೆಯೇ, ಮ್ಯಾನುಯಲ್ ನೋಡಿ ನೀವೇ ತಂದುಕೊಡಿ.

ನೀರು ಒಳಗೆ ಹೋಗುವುದಾದರೂ ಹೇಗೆ? ಓಡಿ ಓಡಿ ಬಿಸಿಯಾದ ಆಕ್ಸಲ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿಂದ ಎಳೆದುಕೊಳ್ಳಬೇಕು, ಆಕ್ಸಲ್‌ನ ಗಾಳಿ ಆಡುವ ಸಣ್ಣ ತೂತು, ಅಂದರೆ ಬ್ರೀದರ್, ನೀರಿನಡಿ ಇದ್ದರೆ ಎಳೆಯುವುದು ನೀರನ್ನೇ. ಇದಕ್ಕೆ ಮದ್ದು ಪುಕ್ಕಟೆಯ ಹಾಗೆ: ಬ್ರೀದರ್ ನಿಪ್ಪಲಿಗೆ ಕೂರುವ ಅಳತೆಯ ಡೀಸೆಲ್ ಹೋಸ್ ಬೇಕಾದಷ್ಟು ಉದ್ದಕ್ಕೆ ತಂದು, ಇನ್ನೊಂದು ತುದಿಯನ್ನು ಬಾನೆಟ್ ಒಳಗೆ ಮೇಲಕ್ಕೆ ಕಟ್ಟಿ, ತುದಿಗೆ ಸಣ್ಣ ಫಿಲ್ಟರ್ ಹಾಕಿ. ಆಕ್ಸಲ್ ಮೇಲೆ ಕೆಳಗೆ ಆಡುವಷ್ಟು ಸಡಿಲ ಬಿಡಿ. ಕೆಲವು ನೂರು ರೂಪಾಯಿಯ ಈ ಕೆಲಸ ದುಬಾರಿ ಸ್ನಾರ್ಕೆಲ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಸ್ಪೆನ್ಷನ್‌ನಲ್ಲಿ ಎತ್ತರ ಏರಿಸುವ ಬದಲು ಇದ್ದದ್ದನ್ನು ಹೊಸತಿನ ಹಾಗೆ ಮಾಡಿ. ಬುಷ್, ಬಾಲ್ ಜಾಯಿಂಟ್, ನಾಲ್ಕು ಶಾಕ್ ಅಬ್ಸಾರ್ಬರ್, ಕೂಲಿ ಸೇರಿ ನಲವತ್ತು ಸಾವಿರದ ಆಚೀಚೆ. ಸ್ಪ್ರಿಂಗ್ ಕೂತುಹೋಗಿದ್ದರೆ ಹೊಸತು ಹಾಕಿದಾಗಲೇ ಕಳೆದುಹೋದ ಎತ್ತರ ವಾಪಸ್ ಬರುತ್ತದೆ. ಸ್ಪ್ರಿಂಗ್ ಬದಲು ತಿರುಚುವ ಸರಳು, ಅಂದರೆ ಟಾರ್ಷನ್ ಬಾರ್, ಇರುವ ಗಾಡಿಗಳಲ್ಲಿ ಬೋಲ್ಟ್ ತಿರುಗಿಸಿ ಮುಂಭಾಗ ಎತ್ತಿಕೊಡುತ್ತಾರೆ; ಆಗ ಚಕ್ರ ಕೆಳಗೆ ಇಳಿಯುವ ಅವಕಾಶ ಕಡಿಮೆಯಾಗಿ ಗುಂಡಿಯಲ್ಲಿ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ, ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟ್ ಓರೆಯಾಗಿ ಅದರ ರಬ್ಬರ್ ಬೂಟ್ ಹರಿಯುತ್ತದೆ. ಕಾನೂನೂ ಅಡ್ಡ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬಂಪರಿನ ಮುಂದೆ ಹಾಕುವ ಕಬ್ಬಿಣದ ಬುಲ್ ಬಾರ್ ಬೇಡವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದದ್ದೂ ಇದೇ ಸೆಕ್ಷನ್ ಹಿಡಿದು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದು ಸೆನ್ಸರಿನ ಲೆಕ್ಕವನ್ನೂ ತಪ್ಪಿಸಬಹುದು.

ದುಡ್ಡಿನ ದೊಡ್ಡ ಪಾಲು ಟೈರಿಗೆ ಹೋಗಲಿ, ಸ್ಟೆಪ್ನಿ ಸೇರಿ ಐದಕ್ಕೆ ಸುಮಾರು ಐವತ್ತು ಸಾವಿರ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ 235/70 ಆರ್ 16 ಎಂದಿದ್ದರೆ ಅದೇ ಅಳತೆಯ ಆಲ್ ಟೆರೇನ್ (ಟಾರು, ಮಣ್ಣು ಎರಡಕ್ಕೂ ಆಗುವ) ಟೈರ್ ತೆಗೊಳ್ಳಿ. 245/70 ಹಾಕಿದರೆ ವ್ಯಾಸ 735ರಿಂದ 749 ಮಿಲಿಮೀಟರಿಗೆ ಹೋಗುತ್ತದೆ, ಎರಡು ಶೇಕಡಾದಷ್ಟು, ಗಾಡಿ ಎತ್ತರವಾಗುವುದು ಬರೀ ಏಳು ಮಿಲಿಮೀಟರ್. 265/70 ಹಾಕಿದರೆ 777, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಉಜ್ಜುವ ಸಂಭವ ಜಾಸ್ತಿ, ಎಳೆತವೂ ಕುಂದುತ್ತದೆ. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ನೋಡಲಿಕ್ಕೆ ಚಂದ, ಆದರೆ ನಿಮ್ಮ ಓಡಾಟದ ಮುಕ್ಕಾಲು ಪಾಲು ಹೆದ್ದಾರಿ 66ರಲ್ಲಿ ಅಲ್ವಾ ಮಾರಾಯ್ರೆ? ಮಳೆಗೆ ಒದ್ದೆಯಾದ ಟಾರಿನಲ್ಲಿ ಬ್ರೇಕ್ ಹಾಕಿದಾಗ ಅದರ ಹಿಡಿತ ಕಡಿಮೆ. ಅಗ್ಗಕ್ಕೆ ಸಿಕ್ಕಿತೆಂದು ಹಳೇ ಸ್ಟಾಕ್ ತರಬೇಡಿ. ಟೈರಿನ ಬದಿಯಲ್ಲಿ ನಾಲ್ಕಂಕಿ ಇರುತ್ತದೆ, 2319 ಎಂದರೆ 2019ರ 23ನೇ ವಾರ.

ಟೈರಿನಷ್ಟೇ ಮುಖ್ಯ ಅದರ ಗಾಳಿ. ಟಾರಿನಲ್ಲಿ ಕಂಪನಿ ಹೇಳಿದಷ್ಟು, ಮುರಕಲ್ಲಿನ ಒರಟು ದಾರಿಯಲ್ಲಿ 25-26 ಪಿಎಸ್‌ಐ, ಕೆಸರಿನಲ್ಲಿ 20ರ ಆಸುಪಾಸು, ಮರಳಿನಲ್ಲಿ 16-18. ಹದಿನೈದರ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಬರಬಹುದು. ವಾಪಸ್ ತುಂಬಿಸಲಿಕ್ಕೆ ಬ್ಯಾಟರಿಗೇ ನೇರ ಕ್ಲಿಪ್ ಹಾಕುವ ಕಂಪ್ರೆಸರ್ ಬೇಕು, ಸಿಗರೇಟ್ ಸಾಕೆಟಿನದ್ದು ಇಷ್ಟು ದೊಡ್ಡ ಟೈರಿಗೆ ಫ್ಯೂಸ್ ಸುಡುತ್ತದೆ.

ಹೂತುಹೋದಾಗ ಎಳೆಯುವ ಸಾಮಾನಿಗೆ ಹದಿನೈದು ಸಾವಿರ. ಒಂಬತ್ತು ಮೀಟರಿನ, ಎಂಟು ಟನ್ನಿನ ಕೈನೆಟಿಕ್ ಸ್ಟ್ರಾಪ್ (ಎಳೆದಾಗ ಹಿಗ್ಗುವ ಪಟ್ಟಿ), 4.75 ಟನ್ ಎಂದು ಅಚ್ಚು ಹಾಕಿದ ಮುಕ್ಕಾಲು ಇಂಚಿನ ಬೋ ಶ್ಯಾಕಲ್ (ಪಿನ್ ಹಾಕುವ ಕಬ್ಬಿಣದ ಕೊಂಡಿ) ಎರಡು, ಒಂದು ಸಲಿಕೆ, ಜಾಕ್ ಹೂತುಹೋಗದ ಹಾಗೆ ಅಡಿಗಿಡಲು ಒಂದಡಿ ಚೌಕದ ದಪ್ಪ ಪ್ಲೈವುಡ್. ಚಾಸಿಸ್‌ಗೇ ದಪ್ಪ ಹೈಟೆನ್ಸೈಲ್ ಬೋಲ್ಟ್ ಹಾಕಿ ಕೂರಿಸಿದ ಹುಕ್ ಮುಂದೊಂದು ಹಿಂದೊಂದು ಇರಲಿ. ಲಾರಿಯಲ್ಲಿ ಕಟ್ಟಿ ಸಾಗಿಸಲು ಕೊಟ್ಟ ತೆಳ್ಳಗಿನ ಬಳೆಗೋ, ಟ್ರೈಲರ್ ಸಿಕ್ಕಿಸುವ ಟೋ ಬಾಲ್‌ಗೋ ಸ್ಟ್ರಾಪ್ ಸಿಕ್ಕಿಸಿ ಜಗ್ಗಲೇಬಾರದು. ಬಾಲ್ ಮುರಿದರೆ ಗುಂಡಿನ ಹಾಗೆ ಹಾರುತ್ತದೆ, ಜನ ಸತ್ತದ್ದುಂಟು. ಎಳೆಯುವಾಗ ಸ್ಟ್ರಾಪಿನ ನಡುವಿಗೆ ಒದ್ದೆ ಗೋಣಿಚೀಲ ಹಾಕಿ, ನೋಡಲು ಬಂದವರನ್ನು ದೂರ ನಿಲ್ಲಿಸಿ.

ಮಳೆಗಾಲದಲ್ಲಿ ತೋಡು ದಾಟುವ ಮೊದಲು ನಡೆದು ನೋಡಿ. ಅರ್ಧ ಚಕ್ರಕ್ಕಿಂತ ಮೇಲೆ ನೀರಿದ್ದರೆ, ಅಥವಾ ನಿಂತಾಗ ಕಾಲು ಎಳೆಯುತ್ತಿದ್ದರೆ ತಿರುಗಿ ಬನ್ನಿ. ನೀರಿನ ಮಧ್ಯೆ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಹೊಡೆಯಬೇಡಿ. ಸಿಲಿಂಡರ್ ಒಳಗೆ ಹೋದ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೊರಗೆ ಎಳೆಸಿ ಏರ್ ಫಿಲ್ಟರ್ ನೋಡಿ. ಒದ್ದೆಯಾಗಿದ್ದರೆ ಗ್ಲೋ ಪ್ಲಗ್ ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಸ್ಟಾರ್ಟ್.

ಆಗುಂಬೆ, ಚಾರ್ಮಾಡಿಯ ಮಂಜಿಗೆ ಕೆಳಗೆ ಕೂರಿಸಿದ ಹಳದಿ ಫಾಗ್ ಲ್ಯಾಂಪ್ ಸಾಕು, ರಿಲೇ ಮತ್ತು ಫ್ಯೂಸ್ ಹಾಕಿಸಿ. ಟಾಪ್ ಮೇಲಿನ ಎಲ್‌ಇಡಿ ಬಾರ್ ಮಂಜಿನಲ್ಲಿ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಇಷ್ಟಕ್ಕೆಲ್ಲ ಒಂದೂಕಾಲು ಲಕ್ಷ ದಾಟಬಹುದು. ಉಳಿದದ್ದನ್ನು ಮುಟ್ಟಬೇಡಿ, ಹತ್ತು ವರ್ಷ ದಾಟಿದ ಗಾಡಿಯಲ್ಲಿ ಕ್ಲಚ್ಚೋ ರೇಡಿಯೇಟರೋ ಅದನ್ನು ಕೇಳಿಯೇ ಕೇಳುತ್ತದೆ.