ಮರಕ್ಕೆ ಕಟ್ಟಿದ ನ್ಯಾನೊಸೆಕೆಂಡ್

ಓದುಗರ ಪತ್ರ: "ಕ್ರಿಸ್‌ಮಸ್ ಮರಕ್ಕೆ ತಂತಿಯ ತುಂಡು, ಕಾಗದದ ಪತಂಗ ಕಟ್ಟಿ ಕಂಪ್ಯೂಟರ್ ಲೋಕದ ಹಿರಿಯರಾದ ಗ್ರೇಸ್ ಹಾಪರ್ ಅವರನ್ನು ನೆನೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. 40 ವರ್ಷ ಗಣಿತ ಪಾಠ ಹೇಳಿದ ನನಗೆ ಇದು ಸರಿ ಕಾಣಲಿಲ್ಲ. ಅಂಥ ಮೇಧಾವಿಯನ್ನು ಗಿಲಕಿಯ ಮಟ್ಟಕ್ಕೆ ಇಳಿಸಬೇಕೇ? ಗೌರವವಿದ್ದರೆ ಒಂದು ಒಳ್ಳೆಯ ಭಾವಚಿತ್ರ ಇಡಲಿ. ಇನ್ನೊಂದು ಮಾತು, ಆ ಪತಂಗವನ್ನು ಹಿಡಿದದ್ದು ಹಾಪರ್ ಅಲ್ಲ. ಇಷ್ಟು ಬೈದ ಮೇಲೂ ಕೇಳುತ್ತೇನೆ: ಒಂಬತ್ತು ವರ್ಷದ ಮೊಮ್ಮಗಳು ಹಾಪರ್ ಹೆಸರು ಹಿಡಿದು ಕುಳಿತಿದ್ದಾಳೆ. ಅವಳಿಗೆ ಏನು ಕೊಡಲಿ?"

ಸಂಪಾದಕರ ಉತ್ತರ:

ಮಾನ್ಯ ಗುರುಗಳೇ,

ಮೊದಲು ತಪ್ಪೊಪ್ಪಿಗೆ. ಹಾಪರ್ ತಮ್ಮ ಕೈಯಾರೆ ಪತಂಗವನ್ನು ಹಿಡಿದು ತೆಗೆದರು ಎಂದು ಅಚ್ಚಾದದ್ದು ತಪ್ಪು. ಕರಡು ನೋಡಿದವನು ನಾನೇ. ಕಣ್ತಪ್ಪು ಎಂದು ಜಾರಿಕೊಳ್ಳುವುದಿಲ್ಲ. ಕಥೆ ಸೊಗಸಾಗಿತ್ತು, ಅನುಮಾನಿಸಲು ಮನಸ್ಸು ಬರಲಿಲ್ಲ. ನಡೆದದ್ದು ಇಷ್ಟು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಕಂಪ್ಯೂಟರ್ ಯಂತ್ರದ 70ನೇ ರಿಲೇಯೊಳಗೆ, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್ಚಿನೊಳಗೆ, ಒಂದು ಪತಂಗ ಸಿಕ್ಕಿಕೊಂಡಿತ್ತು. ಯಂತ್ರ ನಡೆಸುತ್ತಿದ್ದವರು ಅದನ್ನು ಬಿಡಿಸಿ, ದಿನಚರಿ ಪುಸ್ತಕದ ಹಾಳೆಗೆ ಟೇಪು ಹಾಕಿ ಅಂಟಿಸಿ, ಕೆಳಗೆ ‘ನಿಜವಾಗಿಯೂ ಹುಳು ಸಿಕ್ಕ ಮೊದಲ ಪ್ರಕರಣ’ ಎಂಬರ್ಥದ ಸಾಲು ಬರೆದರು. ನಗೆ ಇರುವುದು ‘ನಿಜವಾಗಿಯೂ’ ಎಂಬಲ್ಲಿ. ಯಂತ್ರದ ದೋಷವನ್ನು ‘ಬಗ್’, ಅಂದರೆ ಹುಳು, ಎಂದು ಕರೆಯುವ ರೂಢಿ ಆಗಲೇ ಹಳೆಯದು. ಥಾಮಸ್ ಎಡಿಸನ್ 1878ರ ಪತ್ರವೊಂದರಲ್ಲಿಯೇ ಹಾಗೆ ಬರೆದಿದ್ದಾರೆ. ಹಾಪರ್ ಆ ತಂಡದಲ್ಲಿದ್ದರು, ಮುಂದೆ ಈ ಕಥೆಯನ್ನು ಊರೂರಿಗೆ ಹೇಳಿಕೊಂಡು ಬಂದರು. ಹೇಳಿದವರ ಹೆಸರೇ ಹಿಡಿದವರ ಹೆಸರೂ ಆಗಿಬಿಟ್ಟಿತು. ಹಾಳೆಯೂ ಪತಂಗವೂ ಇಂದು ವಾಷಿಂಗ್ಟನ್‌ನ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಕಾಗದದ ಪತಂಗವನ್ನು ಮರದಿಂದ ಇಳಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಅದು ಹೆಸರು ಬರೆದಿಡದೆ ಹೋದ ಆ ತಂತ್ರಜ್ಞರ ಲೆಕ್ಕಕ್ಕೆ ಸೇರಬೇಕು.

ತಂತಿಯ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಜಗಳವಾಡಲೇಬೇಕು. ಅದನ್ನು ಗಿಲಕಿ ಎಂದಿರಿ. ಆ ಗಿಲಕಿಯನ್ನು ಕಂಡುಹಿಡಿದು, ಕಟ್ಟು ಕಟ್ಟಾಗಿ ಚೀಲದಲ್ಲಿ ಹೊತ್ತು, ಭಾಷಣಕ್ಕೆ ಬಂದವರಿಗೆಲ್ಲ ಕೈಯಾರೆ ಹಂಚಿದವರು ಸ್ವತಃ ಹಾಪರ್. ಜೊತೆಯವರೆಲ್ಲ ನ್ಯಾನೊಸೆಕೆಂಡ್, ನ್ಯಾನೊಸೆಕೆಂಡ್ ಎಂದು ಮಾತಾಡುವುದು ಕೇಳಿ, ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಎಂದರೆ ಎಷ್ಟು ಎಂಬುದು ಹಾಪರ್ ಅವರ ಅಂದಾಜಿಗೆ ಸಿಕ್ಕಲಿಲ್ಲ. ಎಂಜಿನಿಯರುಗಳಿಗೆ ಹೇಳಿ ಕಳುಹಿಸಿದರು: ನನಗೊಂದು ನ್ಯಾನೊಸೆಕೆಂಡ್ ಕತ್ತರಿಸಿ ಕೊಡಿ. ಬಂದದ್ದು 11.8 ಇಂಚು ಉದ್ದದ ತಂತಿ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಹೋಗಬಲ್ಲ ದೂರ ಅಷ್ಟೇ, ನಮ್ಮ ಅಳತೆಯಲ್ಲಿ 30 ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಉಪಗ್ರಹದ ಮೂಲಕ ಸಂದೇಶ ಕಳುಹಿಸಿದರೆ ಇಷ್ಟೇಕೆ ತಡ ಎಂದು ಕೇಳುತ್ತಿದ್ದ ಸೇನಾಧಿಕಾರಿಗಳ ಮುಂದೆ ಅವರು ಈ ತುಂಡನ್ನು ಹಿಡಿಯುತ್ತಿದ್ದರು: ಇಲ್ಲಿಂದ ಅಲ್ಲಿಯವರೆಗೆ ಇಂಥವು ಎಷ್ಟು ಬೇಕು, ಎಣಿಸಿ ನೋಡಿ. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ತುಂಡಿಗೆ ತುಂಡು ಜೋಡಿಸುತ್ತ ಹೋದರೆ ಹತ್ತಿರ ಹತ್ತಿರ 12 ಕೋಟಿ ತುಂಡುಗಳು, ಅದೂ ಹೋಗುವ ದಾರಿಗೆ ಮಾತ್ರ. ಗಣಿತದ ಮೇಷ್ಟರಾದ ನೀವು ಇದಕ್ಕಿಂತ ಒಳ್ಳೆಯ ಪಾಠೋಪಕರಣವನ್ನು ಕಂಡಿದ್ದರೆ ನನಗೆ ಬರೆದು ತಿಳಿಸಿ.

ಭಾವಚಿತ್ರಕ್ಕೆ ನನ್ನ ಆಕ್ಷೇಪ ಇರುವುದೂ ಇಲ್ಲಿಯೇ. ಹೆಚ್ಚಾಗಿ ಸಿಗುವ ಚಿತ್ರದಲ್ಲಿ ನೌಕಾಪಡೆಯ ಸಮವಸ್ತ್ರ ತೊಟ್ಟ, ಕನ್ನಡಕದ, ಬಿಗಿ ಮುಖದ ಅಜ್ಜಿಯೊಬ್ಬರು ಇರುತ್ತಾರೆ. 1986ರಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು ಎಂಬುದನ್ನು ಚಿತ್ರ ಹೇಳಬಹುದು. 1952ರಲ್ಲಿ ಅವರು ತಮ್ಮ ಮೊದಲ ಕಂಪೈಲರನ್ನು, ಅಂದರೆ ಬೇರೆ ಪ್ರೋಗ್ರಾಮುಗಳನ್ನು ತಾನೇ ಜೋಡಿಸಿಕೊಡುವ ಪ್ರೋಗ್ರಾಮನ್ನು, ಸಿದ್ಧಪಡಿಸಿದಾಗ, ಕಂಪ್ಯೂಟರ್ ಇರುವುದು ಲೆಕ್ಕ ಮಾಡಲು, ಪ್ರೋಗ್ರಾಮ್ ಜೋಡಿಸಲು ಅಲ್ಲ ಎನ್ನುತ್ತ ಸುತ್ತಲಿನವರು ಅದನ್ನು ನಂಬದೆ ಹೋದದ್ದನ್ನು ಯಾವ ಚಿತ್ರ ಹೇಳುತ್ತದೆ? ಅವರ ಹೆಸರಿನ ಯುದ್ಧನೌಕೆ ಇದೆ. 2016ರಲ್ಲಿ ಮರಣೋತ್ತರವಾಗಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕವೂ ಬಂದಿದೆ. ಗೌರವಕ್ಕೆ ಅವರಿಗೆ ಬಡತನವಿಲ್ಲ. ಅವರು ಮಾಡುತ್ತಿದ್ದ ಕೆಲಸವನ್ನು ಇನ್ನೊಂದು ಸಲ ಮಾಡಿಸುವ ವಸ್ತು ಮನೆಯಲ್ಲಿರಲಿ ಎಂಬುದಷ್ಟೇ ನನ್ನ ಹಟ.

ಬರೆದು ಸುಮ್ಮನೆ ಕುಳಿತವನಲ್ಲ, ನಾನೂ ಮಾಡಿ ನೋಡಿದ್ದೇನೆ. ಹಳೆಯ ದೂರವಾಣಿ ತಂತಿಯ ಸುರುಳಿಯೊಂದು ಸಿಕ್ಕಿತು. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ತಂತಿ ನೆಟ್ಟಗಾಗಲು ಸುತರಾಂ ಒಪ್ಪಲಿಲ್ಲ. ಬಾಗಿದ್ದನ್ನು ಹಾಗೆಯೇ ಅಳೆದು ಕತ್ತರಿಸಿದರೆ ಒಂದೊಂದು ತುಂಡೂ ಒಂದೊಂದು ಉದ್ದ. ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ಹೊರಳಿಸಿ ಸರಿ ಮಾಡಿದೆ. ಆಮೇಲೆ ಜಾಣತನ ತೋರಿಸಲು ಹೋಗಿ, ಕೊಂಬೆಗೆ ಸಿಕ್ಕಿಸಲೆಂದು ಪ್ರತಿಯೊಂದರ ತುದಿಯನ್ನೂ ಕೊಕ್ಕೆಯಂತೆ ಬಗ್ಗಿಸಿದೆ. ತೂಗುಹಾಕಿ ದೂರ ನಿಂತು ನೋಡಿದಾಗ ಹೊಳೆಯಿತು, ಕೊಕ್ಕೆ ಎರಡು ಸೆಂಟಿಮೀಟರ್ ನುಂಗಿದೆ. ಮರದ ಮೇಲಿನ ನ್ಯಾನೊಸೆಕೆಂಡುಗಳೆಲ್ಲ ಗಿಡ್ಡವಾಗಿವೆ. ಎಲ್ಲವನ್ನೂ ಇಳಿಸಿ, ಮತ್ತೆ ನೆಟ್ಟಗೆ ಮಾಡಿ, ತುದಿಗೆ ಕೆಂಪು ದಾರ ಕಟ್ಟಿದೆ. ದಾರವೇ ಸರಿ.

ಒಂದು ಸೇರ್ಪಡೆ ನನ್ನದು. ತುಂಡನ್ನು ಮೂರು ಸಮಪಾಲು ಮಾಡಿ ಮೂರು ಬಣ್ಣ ಹಚ್ಚಿ. ಮೂರು ಗಿಗಾಹರ್ಟ್ಸ್ ವೇಗದ ಪ್ರೊಸೆಸರ್ (ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಚಿಪ್) ಒಂದು ನ್ಯಾನೊಸೆಕೆಂಡಿನಲ್ಲಿ ಮೂರು ಸಲ ಮಿಡಿಯುತ್ತದೆ, ಅಂದರೆ ಅದರ ಒಂದು ಮಿಡಿತದಲ್ಲಿ ಬೆಳಕಿಗೆ ಸಿಗುವುದು ಒಂದು ಬಣ್ಣದಷ್ಟು ದೂರ, ಗೇಣಿನ ಅರ್ಧ. ಚಿಪ್‌ನೊಳಗೆ ಎಲ್ಲವನ್ನೂ ಒತ್ತೊತ್ತಾಗಿ ಏಕೆ ಕೂರಿಸುತ್ತಾರೆ ಎಂದು ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. (ಇದು ನಿರ್ವಾತದಲ್ಲಿ ಬೆಳಕಿನ ಲೆಕ್ಕ, ತಂತಿಯೊಳಗಿನ ಸಂಕೇತ ಇದಕ್ಕಿಂತ ನಿಧಾನ ಎಂದು ನೀವು ಕೆಂಪು ಶಾಯಿಯಲ್ಲಿ ಗೀಚುವ ಮೊದಲೇ ಹೇಳಿಬಿಡುತ್ತೇನೆ.)

ಮೈಕ್ರೊಸೆಕೆಂಡಿನ, ಅಂದರೆ ಸಾವಿರ ನ್ಯಾನೊಸೆಕೆಂಡುಗಳ, ಹಾರ ಮಾಡಬಹುದೇ ಎಂದು ಇನ್ನೊಬ್ಬ ಓದುಗರು ಕೇಳಿದ್ದಾರೆ. ಹಾಪರ್ ಬಳಿ ಅದೂ ಇತ್ತು, 984 ಅಡಿ ತಂತಿಯ ದೊಡ್ಡ ಸುರುಳಿ. ಪ್ರೋಗ್ರಾಮ್ ಬರೆಯುವ ಪ್ರತಿಯೊಬ್ಬರ ಮೇಜಿನ ಮೇಲೆ ಇದನ್ನು ತೂಗುಹಾಕಬೇಕು, ಇಲ್ಲವೇ ಅವರ ಕುತ್ತಿಗೆಗೇ ಹಾಕಬೇಕು, ಆಗ ತಾವು ಪೋಲು ಮಾಡುತ್ತಿರುವುದು ಎಷ್ಟೆಂದು ತಿಳಿಯುತ್ತದೆ ಎನ್ನುತ್ತಿದ್ದರು. ಆಳೆತ್ತರದ ಮರಕ್ಕೆ ಒಂದು ಸುತ್ತಿಗೆ ಸರಾಸರಿ ಎರಡು ಮೀಟರ್ ಹಿಡಿದರೂ 150 ಸುತ್ತು ಬೇಕು. ಮರ ಕಾಣಿಸುವುದಿಲ್ಲ, ತಂತಿಯ ಉಂಡೆ ಕಾಣಿಸುತ್ತದೆ. ಹಾರವೇ ಬೇಕೆಂದರೆ ತೂತು ಹಾಕಿದ ಕಾಗದದ ಪಟ್ಟಿ ಮಾಡಿ. 1944ರಲ್ಲಿ ಹಾಪರ್ ಕೆಲಸಕ್ಕೆ ಸೇರಿದ ಮಾರ್ಕ್ 1 ಯಂತ್ರಕ್ಕೆ ಆದೇಶಗಳು ಹೋಗುತ್ತಿದ್ದದ್ದು, ಸಾಲಿಗೆ 24 ತೂತುಗಳ ಜಾಗವಿದ್ದ ಅಂಥ ಪಟ್ಟಿಯ ಮೂಲಕ. ತೂತು ತಪ್ಪಿದರೆ ಪಟ್ಟಿಯನ್ನು ಎಸೆಯುತ್ತಿರಲಿಲ್ಲ, ಅದರ ಮೇಲೆ ಕಾಗದದ ತೇಪೆ ಅಂಟಿಸುತ್ತಿದ್ದರು. ತಂತ್ರಾಂಶದ ತಿದ್ದುಪಡಿಗೆ ಇಂದೂ ‘ಪ್ಯಾಚ್’ ಎನ್ನುತ್ತೇವಲ್ಲ, ಆಗ ಅದು ಕೈಗೆ ಸಿಗುವ ತೇಪೆಯೇ. ಮಕ್ಕಳು ಮಾಡಿದ ಹಾರದಲ್ಲಿ ಎರಡು ಮೂರು ತೇಪೆಗಳಿದ್ದರೆ ತೆಗೆಯಬೇಡಿ.

ಉಡುಗೊರೆಗೆ ಬರುತ್ತೇನೆ. ಲೋಟ, ಅಂಗಿಗಳ ಮೇಲೆ ಅಚ್ಚು ಹಾಕಿದ ಮಾತುಗಳನ್ನು ನಂಬಬೇಡಿ. ಬಂದರಿನಲ್ಲಿರುವ ಹಡಗು ಸುರಕ್ಷಿತ, ಆದರೆ ಹಡಗು ಕಟ್ಟುವುದು ಅದಕ್ಕಲ್ಲ ಎಂಬ ಸಾಲು ಹಾಪರ್ ಇಷ್ಟಪಟ್ಟು ಹೇಳುತ್ತಿದ್ದದ್ದು ನಿಜ, ಮೊದಲು ಹೇಳಿದವರು ಬೇರೆಯವರು. ಹಿಂದುಮುಂದಾಗಿ ತಿರುಗುವ ಗೋಡೆ ಗಡಿಯಾರ ಸಿಕ್ಕರೆ ಬಿಡಬೇಡಿ. ಅಂಥದೊಂದು ಅವರ ಕಚೇರಿಯಲ್ಲಿ ತೂಗುತ್ತಿತ್ತು. ‘ಮೊದಲಿನಿಂದಲೂ ಹೀಗೇ ಮಾಡುತ್ತ ಬಂದಿದ್ದೇವೆ’ ಎನ್ನುವವರಿಗೆ ಅವರು ಅದನ್ನೇ ತೋರಿಸುತ್ತಿದ್ದರು: ಮುಳ್ಳು ಎಡಕ್ಕೆ ತಿರುಗಿದರೂ ಸಮಯವೇನೂ ತಪ್ಪುವುದಿಲ್ಲ. ಆದರೆ ನಿಮ್ಮ ಮೊಮ್ಮಗಳಿಗೆ ಒಂಬತ್ತು ವರ್ಷ. ಅವಳಿಗೆ ನೋಡುವ ಗಡಿಯಾರಕ್ಕಿಂತ ಬಿಚ್ಚುವ ಗಡಿಯಾರ ಒಳ್ಳೆಯದು. ಹಾಪರ್ ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸಲಾಗಲಿಲ್ಲ, ಇನ್ನೊಂದನ್ನು ಬಿಚ್ಚಿದರು. ಮನೆಯಲ್ಲಿದ್ದ ಏಳೂ ಬಿಡಿಬಿಡಿಯಾದ ಮೇಲೆ ತಾಯಿಗೆ ಗೊತ್ತಾಯಿತು. ತಾಯಿ ಬೈದು ನಿಲ್ಲಿಸಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರ ನಿನ್ನದು, ಅದನ್ನು ಏನು ಬೇಕಾದರೂ ಮಾಡು ಎಂದರು.

ಆ ಒಂದು ಗಡಿಯಾರವನ್ನು ಕೊಡಿ, ಗುರುಗಳೇ. ಕೀಲಿ ಕೊಡುವ ಹಳೆಯದು, ನಡೆಯುತ್ತಿರುವುದೇ ಆಗಬೇಕು. ಮೊದಲೇ ಕೆಟ್ಟಿದ್ದರೆ ತಪ್ಪು ತನ್ನದೋ ಗಡಿಯಾರದ್ದೋ ಅವಳಿಗೆ ತಿಳಿಯುವುದಿಲ್ಲ. ಜೊತೆಗೆ ಸಣ್ಣ ಸ್ಕ್ರೂಡ್ರೈವರ್, ತಿರುಪುಗಳನ್ನು ಹಾಕಿಡಲು ಮುಚ್ಚಳವಿರುವ ಡಬ್ಬಿ. ಹಾಪರ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು. ಕ್ರಿಸ್‌ಮಸ್‌ವರೆಗೆ ಕಾಯದೆ ಅಂದೇ ಕೊಟ್ಟರೆ ಬಿಚ್ಚಲು ಎರಡು ವಾರ ಹೆಚ್ಚು ಸಿಗುತ್ತದೆ. ಒಂದು ಎಚ್ಚರಿಕೆ: ಕೊಡುವ ಮೊದಲು ಗಡಿಯಾರದ್ದು, ಅಲಾರಂದು ಎರಡೂ ಕೀಲಿಗಳು ಪೂರ್ತಿ ಇಳಿಯುವವರೆಗೆ ಬಿಡಿ, ಅಲಾರಂ ಬಡಿದು ಬಡಿದು ತಾನಾಗಿ ನಿಲ್ಲಲಿ. ಸುತ್ತಿಕೊಂಡ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡರೆ ಬೆರಳು ಕೊಯ್ಯುತ್ತದೆ.